ನರ್ಸಿಂಗ್ ಸ್ಟೂಡೆಂಟ್ಸ್ ರೋಬೋಟನ್ನ ಒಪ್ತಾರಾ?

ನರ್ಸಿಂಗ್ ಓದೋರಿಗೆ ಎಥಿಕ್ಸ್ ಪಾಠ ಮಾಡ್ತೀನಿ ಅಂತ ಗೊತ್ತಾದ ತಕ್ಷಣ ಜನ ಕೇಳೋದು ಇದೊಂದೇ, ನಾಳೆ ವಾರ್ಡಿಗೆ ರೋಬೋಟ್ ಬಂದ್ರೆ ನಿಮ್ಮ ಸ್ಟೂಡೆಂಟ್ಸ್ ಒಪ್ಕೋತಾರಾ ಅಂತ. ಕೆಲವಕ್ಕೆ ಒಪ್ತಾರೆ, ಕೆಲವಕ್ಕೆ ಒಪ್ಪಲ್ಲ, ಅದು ಯಾವ ಕೆಲಸಕ್ಕೆ ಬರ್ತಿದೆ ಅಂತ ಹೇಳಿದ್ಮೇಲೇ ಅವರ ಉತ್ತರ ಸಿಗೋದು.

ಪೇಷೆಂಟನ್ನ ಎತ್ತೋಕೆ ಅಂದ್ರೆ ತಕರಾರೇ ಇಲ್ಲ. ಜಪಾನಿನ ರಿಕೆನ್ ಸಂಸ್ಥೆ 2015ರಲ್ಲಿ ರೋಬೇರ್ ಅಂತ ಕರಡಿ ಮುಖದ ರೋಬೋಟ್ ತೋರಿಸ್ತು, ಹಾಸಿಗೆಯಿಂದ ಎತ್ತಿ ವೀಲ್‌ಚೇರಿಗೆ ಕೂರಿಸೋಕೆ ಅಂತ ಮಾಡಿದ ಪ್ರಯೋಗದ ಮಾಡೆಲ್. ಸೊಂಟ ನೋವಲ್ಲೇ ಡ್ಯೂಟಿ ಮಾಡೋ ಸೀನಿಯರ್‌ಗಳನ್ನ ನೋಡಿದೋರು ಇಂಥದ್ದನ್ನ ಯಾಕೆ ಬೇಡ ಅಂತಾರೆ ಹೇಳಿ.

ಜಗಳ ಶುರುವಾಗೋದು ಪಾರೋ ವಿಷಯಕ್ಕೆ. ಇದು ಸೀಲ್ ಅನ್ನೋ ಸಮುದ್ರ ಪ್ರಾಣಿಯ ಮರಿ ಥರದ ಮೆತ್ತನೆ ರೋಬೋಟ್, ತಕನೋರಿ ಶಿಬಾತ ಅನ್ನೋ ಜಪಾನಿ ಎಂಜಿನಿಯರ್ 1993ರಲ್ಲಿ ಇದರ ಕೆಲಸ ಶುರುಮಾಡಿದ್ರು, 2009ರಲ್ಲಿ ಅಮೆರಿಕದಲ್ಲಿ ಔಷಧಿ, ಮೆಡಿಕಲ್ ಸಾಧನಗಳ ಮೇಲೆ ನಿಗಾ ಇಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದನ್ನ ಮೆಡಿಕಲ್ ಡಿವೈಸ್ ಅಂತ ಪರಿಗಣಿಸ್ತು. ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ ಇರೋರು ಮಡಿಲಲ್ಲಿಟ್ಕೊಂಡು ಸವರಿದ್ರೆ ಕಣ್ಣು ಮಿಟುಕಿಸುತ್ತೆ, ಮರಿ ಥರ ಕೂಗುತ್ತೆ, ಎಷ್ಟೋ ಜನರ ಚಡಪಡಿಕೆ ಇದರಿಂದ ಕಮ್ಮಿ ಆಗುತ್ತೆ. ಆದ್ರೆ ಅಜ್ಜಿ ಅದನ್ನ ಜೀವ ಇರೋ ಮರಿ ಅಂದ್ಕೊಂಡ್ರೆ? ಅದು ಮೋಸ ಅಂತ ಕೆಲವರು, ಅಜ್ಜಿ ನಗ್ತಿದಾರಲ್ಲ ಅದಕ್ಕಿಂತ ಏನು ಬೇಕು ಅಂತ ಇನ್ನು ಕೆಲವರು. ಫಿಲಾಸಫರ್ ರಾಬರ್ಟ್ ಸ್ಪ್ಯಾರೋ 2002ರಲ್ಲೇ ರೋಬೋಟ್ ನಾಯಿಗಳ ಬಗ್ಗೆ ಬರೀತಾ, ಭ್ರಮೆ ಮೇಲೆ ನಿಂತ ಸಂತೋಷ ನಿಜವಾಗ್ಲೂ ಅವರ ಒಳ್ಳೇದಾ ಅಂತ ಕೇಳಿದ್ರು. ನನಗನ್ಸೋದು, ಇದಕ್ಕೆ ಜೀವ ಇದೆಯಾ ಅಂತ ಅಜ್ಜಿ ಬಾಯಿಬಿಟ್ಟು ಕೇಳಿದ್ರೆ ಸುಳ್ಳು ಹೇಳ್ಬಾರದು, ಕೇಳದೆ ಆಡಿಸ್ತಾ ಕೂತಿದ್ರೆ ಕಿತ್ಕೋಬಾರದು, ಮತ್ತೆ ಪಾರೋ ಇದೆಯಲ್ಲ ಅಂತ ನಾವು ಆ ರೂಮಿಗೆ ಹೋಗೋದನ್ನೇ ಬಿಟ್ರೆ ಅದು ಖಂಡಿತ ತಪ್ಪು.

ಇನ್ನೊಂದು ಮಾತು, ಇದನ್ನ ಕ್ಲಾಸಲ್ಲಿ ನಾನು ಬಿಡದೆ ಎತ್ತೋದು. ಮೈ ತೊಳೆಯೋದು, ಡಯಾಪರ್ ಬದಲಿಸೋದು ಎಲ್ಲಾ ಮನುಷ್ಯರೇ ಮಾಡ್ಬೇಕು, ಮಷೀನಿಗೆ ಕರುಣೆ ಎಲ್ಲಿದೆ ಅಂತ ಮೊದಲನೇ ವರ್ಷದವರು ತುಂಬ ಗಟ್ಟಿಯಾಗಿ ಹೇಳ್ತಾರೆ. ಸರಿ, ಹಾಸಿಗೆ ಮೇಲೆ ನೀವೇ ಇದೀರಿ, ನಿಮ್ಮ ವಯಸ್ಸಿನ ಗುರುತಿಲ್ಲದೋರು ಬಂದು ಬಟ್ಟೆ ಬಿಚ್ತಾರೆ, ಆಗ? ಅಂತ ಕೇಳಿದ್ರೆ ಅಯ್ಯೋ ನನಗೆ ಮಷೀನೇ ಇರ್ಲಿ ಅನ್ನೋರು ಅದೇ ಬೆಂಚಲ್ಲಿ ಸಿಗ್ತಾರೆ! ಮನುಷ್ಯರ ಕೈ ಅಂದ್ರೆ ಎಲ್ಲರಿಗೂ ಸಮಾಧಾನ ಅಂತ ನಾವೇ ಅಂದ್ಕೊಂಡಿರ್ತೀವಿ, ಕೆಲವರಿಗೆ ಅದು ನಾಚಿಕೆ, ಇನ್ನೊಬ್ಬರ ಹಂಗು. ಹಾಗಾಗಿ ಪೇಷೆಂಟನ್ನ ಕೇಳ್ಬೇಕು, ಇವತ್ತು ಹೂಂ ಅಂದೋರು ನಾಳೆ ಬೇಡ ಅಂದ್ರೂ ಅವರ ಮಾತು ಕೇಳ್ಬೇಕು.

ರೋಬೋಟಲ್ಲಿ ಕ್ಯಾಮೆರಾ, ರೆಕಾರ್ಡಿಂಗ್ ಇದ್ರೆ ಅದಕ್ಕೂ ಇದೇ ಮಾತು, ಒಪ್ಪಿಗೆ ಇಲ್ದೆ ಬೇಡ.

ಸ್ಟೂಡೆಂಟ್ಸ್ ನನ್ನನ್ನ ವಾಪಸ್ ಕೇಳೋ ಪ್ರಶ್ನೆ ಇದಕ್ಕಿಂತ ಚೆನ್ನಾಗಿರುತ್ತೆ, ರೋಬೋಟಿಂದ ಉಳಿಯೋ ಟೈಮ್ ಯಾರಿಗೆ ಹೋಗುತ್ತೆ ಮೇಡಂ ಅಂತ. ಪೇಷೆಂಟ್ ಪಕ್ಕ ಕೂತು ಮಾತಾಡೋಕೆ ಸಿಕ್ರೆ ರೋಬೋಟ್ ಬರ್ಲಿ, ಆದ್ರೆ ರೋಬೋಟ್ ಇದೆ ಅಂತ ಇರೋ ನರ್ಸ್‌ಗಳಲ್ಲೇ ಒಬ್ಬರನ್ನ ಕಮ್ಮಿ ಮಾಡಿದ್ರೆ ಹೋಗೋದು ಪೇಷೆಂಟಿನ ಪಾಲು. ಅದನ್ನ ತೀರ್ಮಾನ ಮಾಡೋರು ಮ್ಯಾನೇಜ್‌ಮೆಂಟ್, ರೋಬೋಟ್ ಅಲ್ಲ. ಅದಕ್ಕೇ, ಕೊಳ್ಳೋ ಮೊದಲು ಮೀಟಿಂಗಲ್ಲಿ ನರ್ಸ್‌ಗಳೂ ಇರ್ಬೇಕು ಅಂತ ಈಗಿಂದ್ಲೇ ಕೇಳೋದು ಕಲೀರಿ ಅಂತ ಅವರಿಗೆ ಹೇಳ್ತಿದೀನಿ.