ಗಂಡಿಕೋಟ ಶಿಬಿರ: ಕಲಬುರಗಿಯಿಂದ ತಯಾರಿ ಎಲ್ಲಿಗೆ ಬಂತು

ಪೆನ್ನಾ ನದಿ ಎರ್ರಮಲ ಗುಡ್ಡಗಳನ್ನು ಸೀಳಿಕೊಂಡು ಹೋಗುವಲ್ಲಿ, ಕಮರಿಯ ಅಂಚಿಗೇ ಗಂಡಿಕೋಟ ಇದೆ. ಆಂಧ್ರದ ಕಡಪ ಜಿಲ್ಲೆ, ಜಮ್ಮಲಮಡುಗಿನಿಂದ ಸುಮಾರು 15 ಕಿ.ಮೀ. ನದಿ ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ, ಉತ್ತರ ಪಿನಾಕಿನಿ ಅಂದರೆ ಇದೇ. ಹೊರಡುವವರು ಎಂಟು ಮಂದಿ: ನಾಲ್ವರು ಕಲಬುರಗಿಯವರು, ನಾಲ್ವರು ಯಾದಗಿರಿಯವರು. ರಾತ್ರಿ ರೈಲು, ಎರಡು ಹಗಲು, ನಡುವೆ ಒಂದು ರಾತ್ರಿ ಡೇರೆಯಲ್ಲಿ, ಮತ್ತೆ ರಾತ್ರಿ ರೈಲಿಗೆ ವಾಪಸು.

ಈ ಯೋಜನೆಯಲ್ಲಿ ಮೂರು ಅಡ್ಡಿಗಳಿವೆ. ರೈಲಿನಲ್ಲಿ ಇಂಧನ ಒಯ್ಯುವಂತಿಲ್ಲ. ಬಂಡೆಯಲ್ಲಿ ಗೂಟ ಇಳಿಯುವುದಿಲ್ಲ. ನದಿ ಕಣ್ಣಿಗೆ ಕಾಣುತ್ತದೆ, ಆದರೆ ಸುಮಾರು 300 ಅಡಿ ಕೆಳಗಿದೆ, ಕೈಗೆ ಸಿಗುವುದಿಲ್ಲ. ಊಟ, ಡೇರೆ, ಸಾಮಾನಿನ ತೂಕ, ಎಲ್ಲ ತೀರ್ಮಾನಗಳೂ ಈ ಮೂರರಿಂದಲೇ ಹೊರಟಿವೆ.

ತಾರೀಖು

ಜನವರಿ ಎರಡನೇ ಅರ್ಧ, ಸಂಕ್ರಾಂತಿ ಗದ್ದಲ ಮುಗಿದ ಮೇಲೆ. ದಸರೆ ರಜೆಯಲ್ಲೇ ಹೋಗೋಣ ಎಂಬ ಮಾತು ಮೊದಲು ಬಂದಿತ್ತು, ಅದನ್ನು ಕೈಬಿಟ್ಟಿದ್ದೇವೆ. ನಮ್ಮಲ್ಲಿ ಮಳೆಯ ಜೋರು ಸೆಪ್ಟೆಂಬರ್‌ಗೆ ಮುಗಿಯುತ್ತ ಬರುತ್ತದೆ, ಅಲ್ಲೂ ಹಾಗೇ ಇರಬಹುದು ಅನ್ನಿಸುತ್ತದೆ. ಹಾಗಿಲ್ಲ. ಕಡಪ ಸೀಮೆಗೆ ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ ಬರುತ್ತದೆ. 2021ರ ನವೆಂಬರ್‌ನಲ್ಲಿ ಅದೇ ಜಿಲ್ಲೆಯ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟೆ ಒಡೆದದ್ದು ಇಂಥ ಮಳೆಗೇ. ಮಾರ್ಚ್ ದಾಟಿದರೆ ಬಂಡೆ ಹಗಲೆಲ್ಲ ಕಾದು ರಾತ್ರಿಯೆಲ್ಲ ಕಾವು ಬಿಡುತ್ತದೆ, ಡೇರೆಯಲ್ಲಿ ಮಲಗಲಾಗದು. ಇನ್ನೊಂದು ಕಾರಣ ನಮ್ಮ ಊರಿನದು: ತೊಗರಿ ರಾಶಿ ಮುಗಿಯುವ ತನಕ ಹೊಲ ಇರುವವರು ಬಿಡುವಾಗುವುದಿಲ್ಲ.

ರೈಲು

ಮುಂಬೈ–ಚೆನ್ನೈ ಮಾರ್ಗವೇ ನಮ್ಮನ್ನು ಕಮರಿಯ ಹತ್ತಿರ ಇಳಿಸುತ್ತದೆ: ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು, ಗುಂತಕಲ್, ಗುತ್ತಿ, ತಾಡಪತ್ರಿ, ಮುದ್ದನೂರು. ಭೀಮಾ, ಕೃಷ್ಣಾ, ತುಂಗಭದ್ರಾ ಮೂರೂ ನಿದ್ದೆಯಲ್ಲೇ ದಾಟಿಹೋಗುತ್ತವೆ. ಮುದ್ದನೂರಿನಿಂದ ಕೋಟೆಗೆ ಸುಮಾರು 25 ಕಿ.ಮೀ. ಎಲ್ಲ ದೂರದ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ, ಯಾದಗಿರಿಯಲ್ಲೂ ಹಾಗೇ. ಎರಡೂ ಕಡೆ ನಿಲ್ಲುವ ಗಾಡಿಯನ್ನೇ ಆರಿಸಬೇಕು. ಸಿಗದಿದ್ದರೆ ಮುಂದಿನ ಎರ್ರಗುಂಟ್ಲದಲ್ಲಿ ಇಳಿದು ಜಮ್ಮಲಮಡುಗು ಮೇಲೆ ಹೋಗುವುದು.

ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ, ಪ್ರಯಾಣದ ದಿನ ಲೆಕ್ಕಕ್ಕಿಲ್ಲ. ಒಂದು ಟಿಕೆಟ್‌ನಲ್ಲಿ ಆರು ಮಂದಿಗೆ ಅವಕಾಶ ಇದ್ದರೂ ನಾವು ನಾಲ್ಕು-ನಾಲ್ಕು ಮಾಡಿ ಎರಡು ತೆಗೆಯುತ್ತಿದ್ದೇವೆ, ಕಲಬುರಗಿಯಿಂದ ಒಂದು, ಯಾದಗಿರಿಯಿಂದ ಒಂದು. ಒಂದೇ ಟಿಕೆಟ್‌ನಲ್ಲಿ ಅರ್ಧ ಜನರಿಗೆ ಮಾತ್ರ ಹತ್ತುವ ನಿಲ್ದಾಣ ಬದಲಿಸಲು ಆಗುವುದಿಲ್ಲ. ಕೊನೆಗೆ ತತ್ಕಾಲ್‌ಗೆ ಹೋಗಬೇಕಾಗಿ ಬಂದರೂ ಅಲ್ಲಿ ಒಂದು ಟಿಕೆಟ್‌ಗೆ ನಾಲ್ವರೇ ಮಿತಿ, ಗುಂಪು ಮತ್ತೆ ಒಡೆಯಬೇಕಾಗಿಲ್ಲ. ಇ-ಟಿಕೆಟ್ ಪೂರ್ತಿ ವೇಟಿಂಗ್‌ನಲ್ಲೇ ಉಳಿದರೆ ತಾನೇ ರದ್ದಾಗುತ್ತದೆ, ಅದನ್ನು ಹಿಡಿದು ಗಾಡಿ ಹತ್ತುವಂತಿಲ್ಲ.

ಗ್ಯಾಸ್ ಡಬ್ಬಿ, ಸೀಮೆಎಣ್ಣೆ, ಸ್ಪಿರಿಟ್ ಯಾವುದೂ ಚೀಲದಲ್ಲಿ ಇರಬಾರದು. ಶಿಬಿರದ ಸಣ್ಣ ಬ್ಯೂಟೇನ್ ಡಬ್ಬಿ ಚಿಕ್ಕದು ನಡೆಯುತ್ತದೆ ಎಂದು ಹಲವರು ತಿಳಿದಿದ್ದಾರೆ, ನಡೆಯುವುದಿಲ್ಲ. 1989ರ ರೈಲ್ವೆ ಕಾಯ್ದೆ ಪ್ರಕಾರ ಇದು ಜೈಲು ಶಿಕ್ಷೆಯ ಅಪರಾಧ. ಅದಕ್ಕಿಂತ ಮುಖ್ಯ, ಮಲಗಿದ ಬೋಗಿಯಲ್ಲಿ ಬೆಂಕಿ ಹತ್ತಿದರೆ ಏನಾಗುತ್ತದೆ ಎಂದು ಯೋಚಿಸಿದವರು ಯಾರೂ ಒಯ್ಯಲಾರರು.

ಡೇರೆ: ಅತಿ ಹೆಚ್ಚು ಹೊತ್ತು ಹಿಡಿದ ಕೆಲಸ

ಗಂಡಿಕೋಟದ ಬಂಡೆ ಕೆಂಪು ಬಣ್ಣದ ಕ್ವಾರ್ಟ್ಜೈಟ್, ಪದರ ಪದರವಾಗಿ ಅಡ್ಡಡ್ಡ ಮಲಗಿದೆ. ಮೇಲಿನ ಮಣ್ಣು ಎಷ್ಟೋ ಕಡೆ ನಾಲ್ಕು ಬೆರಳು ಕೂಡ ಇರುವುದಿಲ್ಲ. ನಮ್ಮ ಎರೆಹೊಲದಲ್ಲಿ ಡೇರೆ ಹೊಡೆದು ಕಲಿತದ್ದು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಸುತ್ತಿಗೆಯಿಂದ ಬಡಿದರೆ ಅಲ್ಯೂಮಿನಿಯಂ ಗೂಟ ಬಾಗುತ್ತದೆ, ಕಬ್ಬಿಣದ್ದು ಕಿಡಿ ಹಾರಿಸಿ ಪಕ್ಕಕ್ಕೆ ಜಾರುತ್ತದೆ. ಹಾಗಾಗಿ ತಾನೇ ನಿಲ್ಲುವ ಗುಮ್ಮಟದ ಡೇರೆ ಮಾತ್ರ ಆಗುತ್ತದೆ. ಸುರಂಗದ ಆಕಾರದ್ದು ಹಗುರ, ಆದರೆ ಗೂಟ ಇಲ್ಲದೆ ನಿಲ್ಲುವುದೇ ಇಲ್ಲ. ಮೂವರ ಡೇರೆ ಮೂರು ಗೊತ್ತು ಮಾಡಿದ್ದೇವೆ. ಎಂಟು ಮಂದಿ 3-3-2 ಹಂಚಿಕೆಯಾಗಿ, ಇಬ್ಬರ ಡೇರೆಯಲ್ಲಿ ಉಳಿದ ಜಾಗಕ್ಕೆ ಬುತ್ತಿ ಗಂಟು.

ತಾನೇ ನಿಲ್ಲುವ ಡೇರೆಯಾದರೂ ಕಟ್ಟದೆ ಬಿಟ್ಟರೆ ಗಾಳಿಗೆ ಉರುಳುತ್ತದೆ. ಒಳಗೆ ಯಾರೂ ಇಲ್ಲದ ಖಾಲಿ ಡೇರೆ ಕಮರಿಯ ಅಂಚಿನ ಕಡೆ ಉರುಳಿದರೆ ಅದನ್ನು ಹಿಡಿಯಲು ಓಡುವವನ ಜೀವಕ್ಕೆ ಅಪಾಯ. ಆದ್ದರಿಂದ ಕಟ್ಟುವ ಮೊದಲೇ ಒಳಗೆ ಎರಡು ಚೀಲ ಇಡಬೇಕು.

ಭಾರಕ್ಕೆ ಕಲ್ಲು ಎಲ್ಲಿಂದ? ಕೋಟೆಯ ಸುತ್ತ ಬಿದ್ದಿರುವ ಕಲ್ಲುಗಳು ಗೋಡೆಯವು, ಅವನ್ನು ಮುಟ್ಟಬಾರದು. ಇದರಲ್ಲಿ ನಮಗೆ ಎರಡನೇ ಮಾತಿಲ್ಲ. ಅದಕ್ಕೆ 10 ಕಿಲೋ ಅಕ್ಕಿಯ ಖಾಲಿ ಚೀಲಗಳನ್ನು ಒಯ್ಯುತ್ತೇವೆ, ಡೇರೆಗೆ ಆರರಂತೆ ಹದಿನೆಂಟು, ಜೊತೆಗೆ ಎರಡು ಹೆಚ್ಚು. ಮಡಚಿದರೆ ಒಂದು ಟವೆಲ್ಲಿನಷ್ಟೂ ಆಗುವುದಿಲ್ಲ. ಶಿಬಿರದ ಜಾಗದ ಮೊರಂ ತುಂಬಿ, ಹೊರಡುವಾಗ ಅಲ್ಲೇ ಸುರಿದು ಬರುವುದು.

ಚೀಲವನ್ನು ಮುಕ್ಕಾಲು ಮಾತ್ರ ತುಂಬಬೇಕು. ಬಾಯಿಗೆ ಹಗ್ಗ ಸುತ್ತಿ ಎಳೆದರೆ ಪ್ಲಾಸ್ಟಿಕ್ ನೇಯ್ಗೆ ನುಣುಪಾಗಿರುವುದರಿಂದ ಹಗ್ಗ ಜಾರಿ ಹೊರಗೆ ಬರುತ್ತದೆ. ಚೀಲದ ಮೂಲೆಯೊಳಗೆ ನಿಂಬೆಹಣ್ಣಿನಷ್ಟು ಕಲ್ಲು ಇಟ್ಟು, ಅದರ ಕುತ್ತಿಗೆಗೆ ಹೊರಗಿನಿಂದ ಹಗ್ಗ ಬಿಗಿದರೆ ಎಷ್ಟು ಎಳೆದರೂ ಜಾರುವುದಿಲ್ಲ. ಇನ್ನೊಂದು ತುದಿಗೆ ಲಾರಿಯವರು ಸರಕಿನ ಮೇಲೆ ಹಗ್ಗ ಬಿಗಿಯುವ ಗಂಟು. ಕತ್ತಲಲ್ಲಿ ಕೈಗೆ ಸಿಗುವಂತೆ ಅದನ್ನು ಎಲ್ಲರೂ ಕಣ್ಣು ಮುಚ್ಚಿ ಹಾಕಲು ಕಲಿಯುತ್ತಿದ್ದಾರೆ.

ಹಗ್ಗ 4 ಮಿ.ಮೀ. ಪಾಲಿಯೆಸ್ಟರ್, ತುಂಡಿಗೆ 3 ಮೀಟರ್. ಹದಿನೆಂಟು ತುಂಡಿಗೆ 54 ಮೀಟರ್, 60 ಮೀಟರ್ ತಂದಿದ್ದೇವೆ. ನೈಲಾನ್ ಬೇಡ: ಇಬ್ಬನಿಗೆ ತೋಯ್ದರೆ ಹಿಗ್ಗುತ್ತದೆ, ಸಂಜೆ ಬಿಗಿದದ್ದು ನಸುಕಿಗೆ ಸಡಿಲವಾಗಿ ಮೇಲುಹೊದಿಕೆ ಪಟಪಟ ಬಡಿಯತೊಡಗುತ್ತದೆ. ಕ್ವಾರ್ಟ್ಜೈಟ್ ಅಂಚು ಹಗ್ಗವನ್ನು ಕೊಯ್ಯುವಷ್ಟು ಚೂಪು, ಹಗ್ಗ ತಾಗುವಲ್ಲೆಲ್ಲ ಹಳೆಯ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಬೇಕು.

ತಾಲೀಮಿಗೆ ಮನೆಯ ಮಾಳಿಗೆಗಿಂತ ಒಳ್ಳೆಯ ಜಾಗ ಇಲ್ಲ. ಗಚ್ಚಿನಲ್ಲೂ ಗೂಟ ಇಳಿಯುವುದಿಲ್ಲ, ಗಾಳಿಗೂ ಅಡ್ಡಿಯಿಲ್ಲ. ಶಹಾಬಾದ್ ಕಡೆಯ ಹಳೇ ಫರ್ಸಿ ಗಣಿಗಳು ನೋಡಲು ಹಾಗೇ ಇದ್ದರೂ ಅಲ್ಲಿ ನಿಂತ ನೀರು ಆಳ, ಅಂಚು ಭದ್ರವಿಲ್ಲ, ಹೋಗಬೇಡಿ. ಮಾಳಿಗೆಯಲ್ಲಿ ಗೊತ್ತಾದದ್ದು: ಫೈಬರ್ ಕಂಬಗಳು ಸೀಳುವುದು ಯಾವಾಗಲೂ ಲೋಹದ ಕೊಳವೆ ಸೇರುವ ಜೋಡಿನಲ್ಲಿ, ಅದೂ ಜೋಡು ಪೂರ್ತಿ ಒಳಗೆ ಕೂರದೆ ಬಗ್ಗಿಸಿದಾಗ. ಸೀಳಿದ ಕಂಬದ ಹೊರಗೆ ಕೂಡುವಂಥ 12 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಕೊಳವೆ ಎರಡು, ಬಟ್ಟೆಯ ಟೇಪು ಒಂದು ಸುರುಳಿ ಸಾಮಾನಿನಲ್ಲಿ ಸೇರಿವೆ.

ನೆಲಕ್ಕೆ ಹಾಸುವ ತಾಡಪತ್ರಿಯನ್ನು ಡೇರೆಯ ತಳಕ್ಕಿಂತ ನಾಲ್ಕೂ ಕಡೆ 10 ಸೆಂ.ಮೀ. ಚಿಕ್ಕದಾಗಿ ಕತ್ತರಿಸಿದ್ದೇವೆ. ದೊಡ್ಡದಿದ್ದರೆ ಹೊರಗೆ ಚಾಚಿದ ಭಾಗದಲ್ಲಿ ಇಬ್ಬನಿ ಇಳಿದು ತಳದಡಿ ನಿಲ್ಲುತ್ತದೆ. ಅದರ ಮೇಲೆ 10 ಮಿ.ಮೀ. ಫೋಮ್ ಚಾಪೆ ಕಡ್ಡಾಯ. ಜನವರಿಯ ಥಂಡಿ ಅಲ್ಲಿ ಕಲಬುರಗಿಗಿಂತ ಹೆಚ್ಚಲ್ಲ, ತೆಳು ಸ್ಲೀಪಿಂಗ್ ಬ್ಯಾಗ್ ಸಾಕು. ಮೈಕಾವು ಹೋಗುವುದು ಕೆಳಗಿನ ಬಂಡೆಗೆ.

ಅಂಚು

ಡೇರೆಯ ಜಾಗ ಶಿಬಿರಕ್ಕೆ ಒಪ್ಪಿಗೆ ಇರುವ ಕಡೆ ಮಾತ್ರ, ಸ್ಮಾರಕಗಳ ಒಳಗಲ್ಲ. ಕಮರಿಯ ಅಂಚಿನಿಂದ ಕನಿಷ್ಠ 30 ಮೀಟರ್ ಹಿಂದೆ. ಬಾಗಿಲು ಕಮರಿಗೆ ಬೆನ್ನು ಹಾಕಿರಬೇಕು, ಬಹಿರ್ದೆಸೆಗೆ ಹೋಗುವ ದಾರಿಯೂ ಕಮರಿಗೆ ವಿರುದ್ಧ ದಿಕ್ಕಿಗೆ. ಬಾಗಿಲು ತೆರೆದರೆ ಕಮರಿ ಕಾಣಬೇಕು ಎಂಬ ಆಸೆ ಎಲ್ಲರಿಗೂ ಇರುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಎದ್ದವನು ಬಾಗಿಲು ಯಾವ ಕಡೆ ಇದೆಯೋ ಆ ಕಡೆಗೇ ನಡೆಯುತ್ತಾನೆ.

ಅಂಚಿನ ಬಂಡೆಯನ್ನು ನಂಬದಿರಲು ಕಾರಣವಿದೆ. ಗಟ್ಟಿ ಕ್ವಾರ್ಟ್ಜೈಟ್ ಪದರಗಳ ನಡುವೆ ಮೆತ್ತನೆಯ ಜೇಡಿಪದರಗಳಿವೆ. ಅವು ಮೊದಲು ಸವೆದು ಹೋಗಿ ಮೇಲಿನ ಚಪ್ಪಡಿ ಗಾಳಿಯಲ್ಲಿ ಚಾಚಿ ನಿಲ್ಲುತ್ತದೆ. ಮೇಲೆ ನಿಂತವನಿಗೆ ಅಡಿಯ ಟೊಳ್ಳು ಕಾಣುವುದಿಲ್ಲ. ಬಿರುಕುಗಳು ಹೆಚ್ಚುಕಡಿಮೆ ನೇರ ಕೋನದಲ್ಲಿ ಕೂಡುವುದರಿಂದ ಚಪ್ಪಡಿ ಚೂರಾಗುವುದಿಲ್ಲ, ಇಡಿಯಾಗಿ ಕಳಚುತ್ತದೆ. ಹಾಗಾಗಿ ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ಅದರ ಈಚೆಗೇ ನಿಲ್ಲುವುದು, ಕಾಲು ಇಳಿಬಿಟ್ಟು ಕೂರುವುದು ಬೇಡ.

ನಡಿಗೆ ದೊಡ್ಡದೇನಲ್ಲ. ಮೊದಲ ದಿನ ಹೆಬ್ಬಾಗಿಲಿನಿಂದ ಮಾಧವರಾಯ ಗುಡಿ, ಜಾಮಿಯಾ ಮಸೀದಿ, ಕಣಜ, ರಂಗನಾಥ ಗುಡಿ, ಸಂಜೆಗೆ ಕಮರಿಯ ನೋಟ. ಕೊನೆಯ ತುಂಡು ಬಂಡೆಯಿಂದ ಬಂಡೆಗೆ ಹೆಜ್ಜೆ ಹಾಕುವಂಥದ್ದು. ಯಾದಗಿರಿ ಕೋಟೆಬೆಟ್ಟ ಹತ್ತಿ ಇಳಿದವರಿಗೆ ಕಾಲಿನ ಅಭ್ಯಾಸ ಇರುತ್ತದೆ, ಆದರೆ ಅಲ್ಲಿಯ ಗ್ರಾನೈಟ್ ಉರುಟು, ಪಾದ ಹಿಡಿಯುತ್ತದೆ. ಇಲ್ಲಿ ಮೇಲ್ಮೈ ನುಣುಪು, ಇಬ್ಬನಿ ಬಿದ್ದರೆ ಜಾರುತ್ತದೆ. ಎರಡನೇ ದಿನ ಸೂರ್ಯೋದಯ ಸುಮಾರು 6:45ಕ್ಕೆ. 6ಕ್ಕೇ ನೋಟದ ಜಾಗ ತಲುಪಿ ಕೂತಿರಬೇಕು, ಎಲ್ಲರಿಗೂ ತಲೆದೀಪ, ಮೊಬೈಲ್ ಟಾರ್ಚ್ ಅಲ್ಲ. ಬಂಡೆ ಮೇಲೆ ಎರಡೂ ಕೈ ಖಾಲಿ ಇರಬೇಕು. ಕಮರಿಯ ತಳಕ್ಕೆ ಇಳಿಯುವುದು ಯೋಜನೆಯಲ್ಲಿ ಇಲ್ಲ. ಕೆಳಗೆ ನಿಂತಿರುವುದು ಮೈಲವರಂ ಜಲಾಶಯದ ಹಿನ್ನೀರು, ನೀರಿನ ಮಟ್ಟ ಏರುತ್ತ ಇಳಿಯುತ್ತ ಇರುತ್ತದೆ, ಈಜಲು ತಕ್ಕ ದಡವಿಲ್ಲ.

ನೀರು ಮತ್ತು ಬುತ್ತಿ

ಕುಡಿಯಲು ತಲೆಗೆ ದಿನಕ್ಕೆ 4 ಲೀಟರ್, ಕೈ-ಬಾಯಿ ತೊಳೆಯಲು 1 ಲೀಟರ್. ಎಂಟು ಮಂದಿ, ಎರಡು ದಿನ: 80 ಲೀಟರ್, ಅಂದರೆ 20 ಲೀಟರಿನ ನಾಲ್ಕು ಕ್ಯಾನ್. ಮುದ್ದನೂರಿನಲ್ಲೇ ಜೀಪಿಗೆ ಏರಿಸಬೇಕು. ಮೇಲೆ ಅಂಗಡಿಗಳಿವೆ, ಹರಿತ ಹೋಟೆಲೂ ಇದೆ, ಆದರೂ ಸಿಕ್ಕೀತು ಎಂಬ ನಂಬಿಕೆ ಮೇಲೆ ನೀರಿನ ಲೆಕ್ಕ ಹಾಕಬಾರದು. ಕ್ಯಾನ್ ಮುಚ್ಚಳ ಜೀಪಿನ ಕುಲುಕಾಟಕ್ಕೆ ಬಿಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆ ಮುಚ್ಚಿ ರಬ್ಬರ್ ಬ್ಯಾಂಡ್ ಬಿಗಿದು ನಿಲ್ಲಿಸಿಯೇ ಒಯ್ಯಬೇಕು, ಮಲಗಿಸಬಾರದು. ಬಗ್ಗಿಸಿ ಸುರಿದರೆ ಚೆಲ್ಲುವುದೇ ಹೆಚ್ಚು, ಕೈಪಂಪು ಒಂದು ಇರಲಿ.

ಒಲೆ ಇಲ್ಲದ್ದಕ್ಕೆ ನಮ್ಮ ಭಾಗದವರು ಕೊರಗಬೇಕಾಗಿಲ್ಲ. ಖಡಕ್ ರೊಟ್ಟಿಯಂಥ ಪ್ರಯಾಣದ ಊಟ ಇನ್ನೊಂದಿಲ್ಲ. ನಾಲ್ಕು ಹೊತ್ತಿಗೆ ಬುತ್ತಿ, ಹೊತ್ತಿಗೆ ಮೂರು ರೊಟ್ಟಿ: 96. ಮುರಿಯುವುದಕ್ಕೆ ಹತ್ತರಲ್ಲೊಂದು ಸೇರಿಸಿ 106, ಮಾಡಿಸುವುದು 110. ಅರ್ಧ ಜೋಳದ್ದು, ಅರ್ಧ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಸಂಕ್ರಾಂತಿಯ ಸುತ್ತಮುತ್ತ ಸಜ್ಜಿ ರೊಟ್ಟಿ ಸುಲಭವಾಗಿ ಸಿಗುತ್ತದೆ. ಬಿಸಿ ಇರುವಾಗ ಕಟ್ಟಿದರೆ ಬೆವರಿ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಸಂದಿಗೆ ಬಟ್ಟೆ ತುರುಕಬೇಕು. ಶೇಂಗಾ ಹಿಂಡಿ 1 ಕಿಲೋ, ಅಗಸಿ ಹಿಂಡಿ ಅರ್ಧ ಕಿಲೋ, ಎಣ್ಣೆ ಸಣ್ಣ ಬಾಟಲಿಯಲ್ಲಿ ಬೇರೆ. ಮೊದಲೇ ಕಲಸಿದರೆ ಚೀಲಕ್ಕೆ ಇಳಿಯುತ್ತದೆ. ಮೊಸರು, ಉಳ್ಳಾಗಡ್ಡಿ, ಸೌತೆಕಾಯಿ ಜಮ್ಮಲಮಡುಗು ಸಂತೆಯಿಂದ ಅಥವಾ ಮುದ್ದನೂರಿನಿಂದ. ಸಿಹಿಗೆ ಶೇಂಗಾ ಹೋಳಿಗೆ. ಮೊದಲ ರಾತ್ರಿಯ ಬಿಸಿ ಅನ್ನ-ಸಾರು ಮಾತ್ರ ಶಿಬಿರದವರಿಗೇ ಹೇಳಿದ್ದೇವೆ. ಒಣಹುಲ್ಲಿನ ಕಾಲ, ಸೌದೆ ಬೆಂಕಿ ಹಾಕುವುದಿಲ್ಲ.

ಔಷಧಿ ಡಬ್ಬಿ ಸರಳ: ಓಆರ್‌ಎಸ್ ಹದಿನಾರು ಪೊಟ್ಟಣ, ಕ್ರೇಪ್ ಪಟ್ಟಿ ಎರಡು, ಗಾಯದ ಬಟ್ಟೆ, ಜ್ವರದ ಗುಳಿಗೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಇಲ್ಲ. ಕೈಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಜಮ್ಮಲಮಡುಗು ಆಸ್ಪತ್ರೆಗೆ.

ಉಳಿದ ಕೆಲಸ

ಬುಕಿಂಗ್ ತೆರೆಯುವ ಬೆಳಿಗ್ಗೆ 8 ಗಂಟೆಗೆ ಇಬ್ಬರು ಬೇರೆ ಬೇರೆ ಕಡೆಯಿಂದ ಕೂರಬೇಕು. ಜೀಪಿನವರ ಜೊತೆ ನಾಲ್ಕು ಕ್ಯಾನ್, ಎಂಟು ಚೀಲದ ವಿಷಯ ಮೊದಲೇ ಮಾತಾಡಿ, ವಾಪಸು ಬರುವಾಗ ಗಾಡಿಗೆ ಮೂರು ಗಂಟೆ ಮುಂಚೆ ಮುದ್ದನೂರು ಮುಟ್ಟಿಸುವಂತೆ ಗೊತ್ತು ಮಾಡಬೇಕು. ಬೇಲಂ ಗುಹೆ ಸುಮಾರು 60 ಕಿ.ಮೀ. ದೂರ, 3,229 ಮೀಟರ್ ಉದ್ದದ್ದು, ಇಷ್ಟು ಹತ್ತಿರ ಹೋಗಿ ಬಿಡುವುದೇ ಎಂದು ಇಬ್ಬರು ಪಟ್ಟು ಹಿಡಿದಿದ್ದಾರೆ. ಎರಡನೇ ಹಗಲಿನಲ್ಲಿ ಅದು ಹಿಡಿಯುವುದಿಲ್ಲ. ಇನ್ನೊಂದು ರಾತ್ರಿ ಸೇರಿಸಿದರೆ ಮಾತ್ರ ಆಗುತ್ತದೆ, ಆಗ ಇನ್ನೂ ಮೂರು ಹೊತ್ತು ಸೇರಿ ರೊಟ್ಟಿ 180 ದಾಟುತ್ತದೆ, ನೀರಿನ ಕ್ಯಾನ್ ಆರು. ಬುಕಿಂಗ್ ತೆರೆಯುವ ಮೊದಲು ಇದು ತೀರ್ಮಾನವಾಗಬೇಕು.