ನೀನು ಅನ್ನುವುದಾ, ನೀವು ಅನ್ನುವುದಾ?

ನಿನ್ನೆ ರಾತ್ರಿ ಮಳೆಗೆ ಕರೆಂಟ್ ಹೋಯಿತು. ಅಕ್ಕನ ಮಗಳು "ಮಾವ, ಒಂದು ಕತೆ ಹೇಳಿ" ಎಂದು ಗಂಟು ಬಿದ್ದಳು. ಬೇಕಲ ಕೋಟೆಯ ರಾಜಕುಮಾರಿಗೂ ಬುಟ್ಟಿ ಹೆಣೆಯುವವರ ಮಗಳಿಗೂ ಸ್ನೇಹ ಆಯಿತು ಅಂತ ಸುಮ್ನೆ ಹೊಸೆಯಲು ಶುರು ಮಾಡಿದೆ.

"ಬೇಕಲದಲ್ಲಿ ಅರಮನೆ ಎಲ್ಲಿದೆ?" ಅಂದಳು. ಮೊನ್ನೆಯಷ್ಟೇ ನೋಡಿ ಬಂದಿದ್ದಾಳೆ, ಸಿಕ್ಕಿಬಿದ್ದೆ. ಕೆಳದಿಯ ಶಿವಪ್ಪನಾಯಕ ಅದನ್ನು 1650ರ ಹೊತ್ತಿಗೆ ಕಟ್ಟಿಸಿದ್ದು ಕಾವಲಿಗೆ, ವಾಸಕ್ಕಲ್ಲ. ಸರಿ, ರಾಜಕುಮಾರಿಯನ್ನು ಕುಂಬಳೆ ಅರಸರ ಮಾಯಿಪ್ಪಾಡಿ ಅರಮನೆಗೆ ಸಾಗಿಸಿದೆ. ಕತೆಗಾರನಿಗೆ ಅಷ್ಟು ಅಧಿಕಾರ ಇದೆ ಅಲ್ವಾ?

ಇಬ್ಬರೂ ಜಗಲಿಯಲ್ಲಿ ಚೆನ್ನೆಮಣೆ ಆಡಲು ಕೂತರು. ಹದಿನಾಲ್ಕು ಗುಳಿ, ಒಂದೊಂದಕ್ಕೆ ನಾಲ್ಕು ಕಾಯಿ. ಆಟ ರಂಗೇರುವಾಗಲೇ ಮುಂದಿನ ಪ್ರಶ್ನೆ ಬಂತು: "ಆ ಹುಡುಗಿ ರಾಜಕುಮಾರಿಗೆ ನೀನು ಅನ್ನುವುದಾ, ನೀವು ಅನ್ನುವುದಾ?"

ಉತ್ತರ ಹೊಳೆಯಲಿಲ್ಲ. ನೀವು ಅಂದರೆ ಅದೆಂಥ ಸ್ನೇಹ? ನೀನು ಅಂದರೆ ಅಡುಗೆಮನೆಯಲ್ಲಿ ನಿಂತ ಆ ಬುಟ್ಟಿ ಹೆಣೆಯುವವರ ಹುಡುಗಿಯ ಅಮ್ಮನ ಜೀವ ಬಾಯಿಗೆ ಬರುತ್ತದೆ. ಕುಚೇಲನ ಕತೆ ಎಷ್ಟು ಸಲ ಕೇಳಿದ್ದೇನೆ, ಅವಲಕ್ಕಿ ಗಂಟಿನ ಮೇಲೆಯೇ ನನ್ನ ಕಣ್ಣು. ದ್ವಾರಕೆಯ ಬಾಗಿಲಲ್ಲಿ ಅವನು ಗೆಳೆಯನನ್ನು ಏನಂತ ಕರೆದಿರಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನೂ ನೆನಪಾದ. ಅವನಪ್ಪ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದರು. ಶಾಲೆಯಲ್ಲಿ ನನಗೆ "ನೀನು" ಅನ್ನುತ್ತಿದ್ದವನು ನಮ್ಮ ಅಂಗಳದಲ್ಲಿ ಏನೂ ಅನ್ನುತ್ತಿರಲಿಲ್ಲ.

ಕರೆಂಟ್ ಬಂತು, ಅವಳು ಟಿವಿ ಮುಂದೆ ಓಡಿದಳು. ಇವತ್ತು ರಾತ್ರಿ ಮತ್ತೆ ಕೇಳದೆ ಬಿಡುವವಳಲ್ಲ.