ಪಾಲ್ ಹತ್ತಿರ ಸ್ವಂತ ಹಾಡು ಮುಗಿದು ಹೋಗಿತ್ತಾ?

ನಮ್ಮದೊಂದು ಸಣ್ಣ ಗುಂಪಿದೆ. ತಿಂಗಳಿಗೊಂದು ಭಾನುವಾರ ಬಸವನಗುಡಿಯಲ್ಲಿ ಗೆಳೆಯನೊಬ್ಬನ ಮನೆ ಮಹಡಿಯಲ್ಲಿ ಸೇರುತ್ತೇವೆ. ಅವನ ಹತ್ತಿರ ಹಳೇ ಆಂಪ್ಲಿಫೈಯರ್ ಇದೆ, ಎದೆಮಟ್ಟದ ಎರಡು ಸ್ಪೀಕರ್ ಇವೆ. ಒಬ್ಬೊಬ್ಬರೂ ಒಂದೊಂದು ರೆಕಾರ್ಡೋ ಸಿಡಿಯೋ ತರಬೇಕು. ನಾನು ಪದೇ ಪದೇ ತರುವುದು ಒಂದೇ ಸಿಡಿ. ಅದು ಚೀಲದಿಂದ ಹೊರಗೆ ಬಂತೋ, ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. “ಪಾಲ್ ಮೆಕಾರ್ಟ್ನಿಯಂಥವನು ಬೇರೆಯವರ ಹಳೇ ಹಾಡು ಯಾಕೆ ಹಾಡಬೇಕಿತ್ತು? ಸ್ವಂತದ್ದು ಮುಗಿದು ಹೋಗಿತ್ತಾ?”

ಹೊಸಬರು ಕುತೂಹಲಕ್ಕೆ ಕೇಳುತ್ತಾರೆ. ಹಳಬರು ನನ್ನನ್ನು ರೇಗಿಸೋದಕ್ಕೆ. ನಾನು ಅರ್ಧ ಉತ್ತರ ಹೇಳುವಷ್ಟರಲ್ಲಿ ಕಾಫಿ ಬರುತ್ತದೆ, ಮಾತು ಎಲ್ಲಿಗೋ ಹೋಗುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಪಾಲ್ ಅಂದರೆ ಅರವತ್ತರ ದಶಕದ ಇಂಗ್ಲೆಂಡಿನ ರಾಕ್ ತಂಡ ಬೀಟಲ್ಸ್‌ನಲ್ಲಿ ಹಾಡು ಬರೆದು, ಹಾಡಿ, ಬೇಸ್ ಗಿಟಾರ್ ನುಡಿಸಿದವನು. ಮೊದಲು ಆಲ್ಬಂ ವಿಷಯ. ಹೆಸರು ‘ಕಿಸಸ್ ಆನ್ ದ ಬಾಟಮ್’. ಬಂದದ್ದು 2012ರ ಫೆಬ್ರವರಿಯಲ್ಲಿ. ಆಗ ಪಾಲ್‌ಗೆ 69 ವರ್ಷ. (ಏಕವಚನಕ್ಕೆ ಬೇಜಾರಾಗಬೇಡಿ, ಹೈಸ್ಕೂಲಿನಿಂದ ಬಂದ ಸಲುಗೆ.) ಒಟ್ಟು 14 ಹಾಡು. ಅದರಲ್ಲಿ 12, ಅವನು ಹುಟ್ಟುವುದಕ್ಕೂ ಮುಂಚಿನ ಅಥವಾ ಅವನು ಹುಡುಗನಾಗಿದ್ದ ಕಾಲದ ಅಮೆರಿಕದ ಹಾಡುಗಳು. ಇಂಥವನ್ನು ಸ್ಟ್ಯಾಂಡರ್ಡ್ಸ್ ಅನ್ನುತ್ತಾರೆ. ಯಾರೋ ಬರೆದು, ಹತ್ತಾರು ಜನ ಹಾಡಿ, ಕೊನೆಗೆ ಇಂಥವರದ್ದೇ ಅಂತ ಹೇಳಲಾಗದಂತೆ ಆಗಿಬಿಟ್ಟ ಹಾಡುಗಳು. ಪಿಯಾನೋ ನುಡಿಸಿದ್ದು ಡಯಾನಾ ಕ್ರಾಲ್. ನಿರ್ಮಾಪಕ ಟಾಮಿ ಲಿಪುಮಾ. ಪಾಲ್ ಬೇಸ್ ಗಿಟಾರ್ ಮುಟ್ಟಿಯೇ ಇಲ್ಲ. ಹೆಚ್ಚುಕಡಿಮೆ ಬರೀ ಹಾಡಿದ್ದಾನೆ.

ಬಾಟಮ್ ಅಂದರೆ ಹಿಂಭಾಗ ಅಂದುಕೊಂಡು ಹೆಸರು ಕೇಳಿ ನಗುವವರಿಗೆ ಒಂದು ಮಾತು. ಆಲ್ಬಂನ ಮೊದಲ ಹಾಡಿನಲ್ಲಿ ಒಬ್ಬ ಪ್ರೇಮಿ, ಅವಳು ಬರೆದಳು ಅಂದುಕೊಂಡು ತನಗೆ ತಾನೇ ಕಾಗದ ಬರೆದುಕೊಳ್ಳುತ್ತಾನೆ. ನಾವು ‘ಇಂತಿ ನಿನ್ನ ಪ್ರೀತಿಯ’ ಅಂತ ಬರೆಯುವ ಜಾಗದಲ್ಲಿ, ಕಾಗದದ ಕೆಳತುದಿಯಲ್ಲಿ, ಸಾಲಾಗಿ ಮುತ್ತು ಹಾಕಿಕೊಳ್ಳುತ್ತಾನೆ. ಹೆಸರು ಬಂದದ್ದು ಅಲ್ಲಿಂದ. ಬೇರೇನೂ ಇಲ್ಲ.

ಈಗ ನಿಜ ಹೇಳಿಬಿಡುತ್ತೇನೆ. 2012ರಲ್ಲಿ ಇದನ್ನು ಮೊದಲ ಸಲ ಕೇಳಿದಾಗ ನಮಗೆ ಯಾರಿಗೂ ಇಷ್ಟವಾಗಿರಲಿಲ್ಲ. ಗೆಳೆಯನ ಅಣ್ಣ ಲಂಡನ್ನಿನಿಂದ ಸಿಡಿ ತಂದುಕೊಟ್ಟಿದ್ದ. ಐದು ಜನ ಸೇರಿದ್ದೆವು. ಕಾಲೇಜಿನ ದಿನಗಳಲ್ಲಿ ಬ್ರಿಗೇಡ್ ರೋಡಿನಲ್ಲಿ ಐದೂ ಜನ ದುಡ್ಡು ಹಾಕಿ ಒಂದೇ ಕ್ಯಾಸೆಟ್ ಕೊಂಡು, ಉಳಿದ ನಾಲ್ವರು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದವರು. 2003ರಲ್ಲಿ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ನೋಡಿದವರು. ಅರವತ್ತರ ಅಂಚಿನಲ್ಲಿದ್ದ ಮಿಕ್ ಜಾಗರ್ ಆವತ್ತು ವೇದಿಕೆ ತುಂಬ ಓಡಾಡಿದ್ದ. ವಯಸ್ಸಾದ ರಾಕ್ ಹಾಡುಗಾರ ಅಂದರೆ ಹಾಗೇ ಇರಬೇಕು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿತ್ತು.

ಸಿಡಿ ತಿರುಗಿತು. ಮೆಲ್ಲಗೆ ಪಿಯಾನೋ. ಮೆಲ್ಲಗೆ ಡ್ರಮ್ಸ್ ಮೇಲೆ ಬ್ರಷ್ಷು. ಇನ್ನೂ ಮೆಲ್ಲಗೆ ಪಾಲ್. ಮೂರನೇ ಹಾಡಿಗೆ ಒಬ್ಬ ಎದ್ದು ಅಡುಗೆಮನೆಗೆ ಹೋದ. ಇನ್ನೊಬ್ಬ, “ಗುರೂ, ಇದು ಹೋಟೆಲ್ ಲಾಬಿ ಮ್ಯೂಸಿಕ್ಕು” ಅಂದ. ಗಂಟಲು ಹೋಗಿದೆ ಅಂತ ಮತ್ತೊಬ್ಬ. ನಾನಂತೂ “ಪೆನ್ಶನ್ ತಗೊಂಡ ಬಿಡು” ಅಂದೆ. ಎಲ್ಲರಿಗಿಂತ ಕೆಟ್ಟ ಮಾತು ನನ್ನದೇ. ಮೂಲೆಯಲ್ಲಿ ಕೂತಿದ್ದವನು ಮಾತ್ರ ಬೇರೇನೋ ಹೇಳಿದ. “ನಮ್ಮಪ್ಪ ಬೆಳಿಗ್ಗೆ ಶೇವ್ ಮಾಡ್ಕೊಳ್ತಾ ಗುನುಗ್ತಾರಲ್ಲ, ಹಂಗಿದೆ.” ಅವನೂ ಬೈಯುವುದಕ್ಕೇ ಹೇಳಿದ್ದು. ಆದರೆ ಆವತ್ತು ಸರಿಯಾಗಿ ಕೇಳಿಸಿಕೊಂಡವನು ಅವನೊಬ್ಬನೇ ಅಂತ ನನಗೆ ಗೊತ್ತಾಗಲು ವರ್ಷಗಳೇ ಬೇಕಾದವು.

ಪಾಲ್‌ನ ಅಪ್ಪ ಜಿಮ್ ಮೆಕಾರ್ಟ್ನಿ ಲಿವರ್‌ಪೂಲಿನಲ್ಲಿ ಹತ್ತಿ ವ್ಯಾಪಾರದ ಕೆಲಸದಲ್ಲಿದ್ದವರು. 1920ರ ದಶಕದಲ್ಲಿ ಅವರದ್ದೇ ಒಂದು ತಂಡವಿತ್ತು, ಜಿಮ್ ಮ್ಯಾಕ್ಸ್ ಜಾಝ್ ಬ್ಯಾಂಡ್ ಅಂತ. ಮನೆಯಲ್ಲಿ ಪಿಯಾನೋ ಇತ್ತು. ಹೊಸ ವರ್ಷಕ್ಕೆ ನೆಂಟರೆಲ್ಲ ಸೇರಿದರೆ ಅಪ್ಪ ನುಡಿಸೋದು, ಉಳಿದವರು ದನಿಗೂಡಿಸೋದು. ಹುಡುಗ ಪಾಲ್ ಕಾರ್ಪೆಟ್ಟಿನ ಮೇಲೆ ಕೂತು ಕೇಳುತ್ತಿದ್ದದ್ದು ಇಂಥ ಹಾಡುಗಳನ್ನೇ. ರಾಕ್ ಹಾಡುಗಾರ ಎಲ್ವಿಸ್ ಬಂದದ್ದು ಆಮೇಲೆ. ಬೀಟಲ್ಸ್ ಜೊತೆಗಾರ ಜಾನ್ ಲೆನನ್ ಸಿಕ್ಕಿದ್ದು ಇನ್ನೂ ಆಮೇಲೆ, 1957ರಲ್ಲಿ.

ಅಂದರೆ ಪಾಲ್ ತನ್ನ ಹಾಡು ಬಿಟ್ಟು ಬೇರೆ ಕಡೆಗೆ ಹೋಗಿರಲಿಲ್ಲ. ನಮಗೆ ಮೊದಲು ಕಿವಿಗೆ ಬಿದ್ದವನು ಅವನು. ಅವನ ಕಿವಿಗೆ ಮೊದಲು ಬಿದ್ದದ್ದು ಈ ಹಾಡುಗಳು.

ಬೀಟಲ್ಸ್ ಹಾಡುಗಳಲ್ಲೇ ಇದರ ಸುಳಿವು ಇತ್ತು. ನಾವು ಗಮನ ಕೊಟ್ಟಿರಲಿಲ್ಲ ಅಷ್ಟೆ. 1963ರ ಅವರ ಎರಡನೇ ಎಲ್‌ಪಿಯಲ್ಲಿ ‘ಟಿಲ್ ದೇರ್ ವಾಸ್ ಯೂ’ ಇದೆ. ಅದು ಒಂದು ಬ್ರಾಡ್‌ವೇ ಸಂಗೀತ ನಾಟಕದ ಹಾಡು. ಪಾಲ್ ಅದನ್ನು ಕಲಿತದ್ದು ಪೆಗ್ಗಿ ಲೀ ಹಾಡಿದ ರೆಕಾರ್ಡಿನಿಂದ. ನಾಟಕದ್ದು ಅಂತ ಆಗ ಗೊತ್ತೂ ಇರಲಿಲ್ಲ. ಅವನ ಪಾಲಿಗೆ ಅದು ಪೆಗ್ಗಿ ಲೀ ಹಾಡು. ನಮ್ಮ ಪಾಲಿಗೆ ಅದು ಬೀಟಲ್ಸ್ ಹಾಡು. ‘ವೆನ್ ಐಯಾಮ್ ಸಿಕ್ಸ್ಟಿ ಫೋರ್’ ಕೂಡ ಹಾಗೇ, ಅಪ್ಪನ ಕಾಲದ ಧಾಟಿ. ಅದರ ಮಟ್ಟು ಹಾಕಿದ್ದು ಹದಿಹರೆಯದಲ್ಲಿ.

ಈ ‘ಮೊದಲು ಕಿವಿಗೆ ಬಿದ್ದದ್ದು’ ಅನ್ನೋದು ನಮಗೇನೂ ಹೊಸದಲ್ಲ. ನಾಡಗೀತೆಯ ಗಲಾಟೆ ನೆನಪಿದೆಯಲ್ಲ? ಕುವೆಂಪು ಅವರ ಸಾಲುಗಳ ಬಗ್ಗೆ ಅಲ್ಲ, ಧಾಟಿಯ ಬಗ್ಗೆ. ಮೈಸೂರು ಅನಂತಸ್ವಾಮಿ ಅವರದ್ದೋ, ಸಿ. ಅಶ್ವತ್ಥ್ ಅವರದ್ದೋ ಅಂತ ವರ್ಷಗಟ್ಟಲೆ ಎಳೆದಾಡಿ, 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಗೊತ್ತು ಮಾಡಿತು. 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕು ಅಂತಲೂ ಹೇಳಿತು. ಆಮೇಲೂ ವಿಷಯ ಹೈಕೋರ್ಟಿಗೆ ಹೋಯಿತು. ಜಗಳ ಮಾಡಿದವರಲ್ಲಿ ಬಹಳ ಜನಕ್ಕೆ ರಾಗ ತಾಳ ಗೊತ್ತಿತ್ತು ಅಂತ ನನಗೆ ಅನಿಸುವುದಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ಯಾವುದು ಕೇಳಿದ್ದರೋ ಅದರ ಪರ ನಿಂತರು.

ಷರೀಫರ ತತ್ವಪದ ಅಂದರೆ ಬೆಂಗಳೂರಿನ ನಮ್ಮಂಥವರಿಗೆ ಅಶ್ವತ್ಥರ ಎತ್ತರದ ದನಿ. ನಮ್ಮ ಗುಂಪಿನಲ್ಲಿ ಷರೀಫರದ್ದೇ ಸೀಮೆಯ, ಶಿಗ್ಗಾವಿ ಕಡೆಯವರೊಬ್ಬರು ಇದ್ದಾರೆ. ಒಂದು ಸಲ ನಾವು ಭಕ್ತಿಯಿಂದ ಅಶ್ವತ್ಥರ ರೆಕಾರ್ಡ್ ಹಾಕಿದರೆ, ಅವರು ತಲೆ ಅಲ್ಲಾಡಿಸಿ, “ಛಲೋ ಐತ್ರಿ. ಆದ್ರ ನಮ್ಮೂರ ಭಜನಿ ಮಂದಿ ಹಾಡೋ ಹಂಗ ಇಲ್ಲ ಬಿಡ್ರಿ” ಅಂದರು. ನಮಗೆ ಪಿತ್ತ ನೆತ್ತಿಗೇರಿತ್ತು.

ಹಿಂದೆಲ್ಲ ನಾನು ‘ಬೇರೆಯವರ ಹಾಡು ಯಾಕೆ’ ಅನ್ನೋ ಪ್ರಶ್ನೆಗೆ ಕರ್ನಾಟಕ ಸಂಗೀತ ಮುಂದಿಟ್ಟು ಬಾಯಿ ಮುಚ್ಚಿಸುತ್ತಿದ್ದೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗೆ ಹೋಗಿ, ‘ತ್ಯಾಗರಾಜರ ಕೃತಿ ಯಾಕೆ ಹಾಡ್ತೀರಿ, ಸ್ವಂತದ್ದು ಇಲ್ವಾ’ ಅಂತ ಯಾರಾದರೂ ಕೇಳುತ್ತಾರಾ ಅಂತ. ಚೆನ್ನಾಗಿ ಕೇಳಿಸುತ್ತದೆ, ಆದರೆ ಇದು ಮೋಸದ ಉತ್ತರ. ಕಚೇರಿಯ ವಿದ್ವಾಂಸರು ಸ್ವಂತ ಹಾಡು ಬರೆಯುತ್ತೇವೆ ಅಂತ ಹೆಸರು ಮಾಡಿದವರಲ್ಲ. ಪಾಲ್ ಹೆಸರು ಮಾಡಿದ್ದೇ ಅದಕ್ಕೆ. ಬೀಟಲ್ಸ್‌ಗೂ ಬಾಬ್ ಡಿಲನ್‌ಗೂ ಮುಂಚೆ ಸಾಮಾನ್ಯವಾಗಿ ಹಾಡು ಬರೆಯುವವರು ಬೇರೆ, ಹಾಡುವವರು ಬೇರೆ. ಇವರು ಬಂದ ಮೇಲೆ, ಹಾಡುವವನೇ ಬರೆಯಬೇಕು ಅನ್ನೋದು ರೂಢಿಯಾಯಿತು. ಹಳೇ ಕಸುಬಿನ ಅಂಗಡಿಗೆ ಬೀಗ ಹಾಕಿಸಿದವರಲ್ಲಿ ಇವರೇ ಮೊದಲಿಗರು. ಅಂಥವರು ಮುಪ್ಪಿನಲ್ಲಿ ಅದೇ ಅಂಗಡಿ ಬಾಗಿಲು ತೆರೆದು ಕೂತರೆ ಅಭಿಮಾನಿಗೆ ಕಸಿವಿಸಿ ಆಗುವುದು ಸಹಜ, ಅಲ್ವಾ?

ಡಿಲನ್ ಅಭಿಮಾನಿಗಳ ಪಾಡು ನಮಗಿಂತ ಕಷ್ಟ. ನಮ್ಮವನು ಒಂದಕ್ಕೆ ನಿಲ್ಲಿಸಿದ. ಡಿಲನ್ 2015ರಲ್ಲಿ ಹಳೇ ಕಾಲದ ಗಾಯಕ ಫ್ರಾಂಕ್ ಸಿನಾಟ್ರಾ ಹಾಡಿದ್ದ 10 ಹಾಡುಗಳ ಆಲ್ಬಂ ತಂದ. 2016ರಲ್ಲಿ ಇನ್ನೂ 12. 2017ರಲ್ಲಿ ಮೂರು ಡಿಸ್ಕಿನಲ್ಲಿ 30. ಒಟ್ಟು 52, ಸರಿಯಾಗಿ ಒಂದು ಕಟ್ಟು ಇಸ್ಪೀಟು. ಸಾಹಿತ್ಯದ ನೊಬೆಲ್ ಬಂದದ್ದು 2016ರಲ್ಲೇ. ಆ ವರ್ಷದ ಆಲ್ಬಂನಲ್ಲಿ ಅವನು ಬರೆದ ಒಂದು ಸಾಲೂ ಇಲ್ಲ! ನಮ್ಮ ಗುಂಪಿನ ಡಿಲನ್ ಭಕ್ತ ಆ ಮೂರು ಡಿಸ್ಕಿನ ಪೆಟ್ಟಿಗೆ ಕೊಂಡಿದ್ದಾನೆ. ಅದರ ಬಗ್ಗೆ ಮಾತೆತ್ತಿದರೆ ಕಿಟಕಿ ಆಚೆ ನೋಡುತ್ತಾನೆ.

ಹಾಗಾದರೆ ಸ್ವಂತದ್ದು ಮುಗಿದಿತ್ತಾ? ಇಲ್ಲ. 14ರಲ್ಲಿ ಎರಡು ಹಾಡು ಪಾಲ್ ಹೊಸದಾಗಿ ಬರೆದದ್ದು. ಒಂದರಲ್ಲಿ ಎರಿಕ್ ಕ್ಲಾಪ್ಟನ್ ಗಿಟಾರ್, ಇನ್ನೊಂದರಲ್ಲಿ ಸ್ಟೀವಿ ವಂಡರ್ ಹಾರ್ಮೋನಿಕಾ. ಆಲ್ಬಂ ಕೇಳಿಸಿ, ಅದರಲ್ಲಿ ಹೊಸ ಹಾಡು ಯಾವುದು ಹೇಳಿ ಅಂತ ಪಂದ್ಯ ಕಟ್ಟಿ ನೋಡಿದ್ದೇನೆ. ‘ಮೈ ವ್ಯಾಲೆಂಟೈನ್’ ಹಳೇ ಹಾಡು ಅಂತಲೇ ಬಹಳ ಜನ ಹೇಳುತ್ತಾರೆ. ಎಂಬತ್ತು ತೊಂಬತ್ತು ವರ್ಷ ಹಿಂದಿನ ಹಾಡುಗಳ ನಡುವೆ ಹೋಗಿ ಗುರುತು ಸಿಗದಂತೆ ಕೂತುಬಿಡುವ ಹಾಡು ಬರೆಯೋದು ಸುಮ್ನೆ ಮಾತಲ್ಲ.

ಆಲ್ಬಂ ಪೂರ್ತಿ ಚೆನ್ನಾಗಿದೆ ಅಂತ ನಾನು ವಾದ ಮಾಡಲ್ಲ. ಅರ್ಧ ಚೆನ್ನಾಗಿದೆ. ಸುಮಾರು ಹಾಡುಗಳು ಒಂದೇ ನಡಿಗೆಯಲ್ಲಿ ಹೋಗುತ್ತವೆ. ಕೆಲವು ಕಡೆ ವಯಲಿನ್‌ಗಳು ಜಾಸ್ತಿ, ಮದುವೆ ಮನೆ ಜಾಮೂನಿಗೆ ಇನ್ನೊಂದು ಸೌಟು ಪಾಕ ಹಾಕಿದ ಹಾಗೆ. ಆದರೆ ಅವನು ಹಗುರಾಗಿ ಬಿಟ್ಟ ಕಡೆ ಸೊಗಸು. ಹಾಲಿನವನ ಹಾಡು ಒಂದಿದೆ. ‘ಹಾಲಿನವನು ಹೇಳ್ತಾನೆ, ನೀನು ನನ್ನನ್ನು ಮದುವೆ ಆಗಬೇಕಂತೆ. ಪೋಸ್ಟ್‌ಮ್ಯಾನ್ ಹೇಳ್ತಾನೆ, ಇಬ್ಬರದೂ ಒಂದೇ ವಿಳಾಸ ಆದರೆ ಅವನ ಹೊರೆ ಕಮ್ಮಿ ಆಗತ್ತಂತೆ.’ ಇಂಥದ್ದು. ಇದನ್ನು ದೊಡ್ಡ ಗಂಟಲಲ್ಲಿ ಹಾಡಿದರೆ ಕೆಟ್ಟುಹೋಗುತ್ತದೆ. ಪಾಲ್ ಮೈಕಿನ ಹತ್ತಿರ ಬಂದು, ಪಕ್ಕದ ಮನೆಯವನ ಸುದ್ದಿ ಹೇಳುವಂತೆ ಹೇಳುತ್ತಾನೆ. ಗಂಟಲು ತೆಳುವಾಗಿದೆ, ಅದು ನಿಜ. ಅದನ್ನು ಮುಚ್ಚಲು ಅವನು ಹೋಗಿಲ್ಲ. 2012ರಲ್ಲಿ ನನಗೆ ಅದೇ ಸಿಟ್ಟು ತರಿಸಿದ್ದು. ಈಗ ಅದಕ್ಕೇ ಮತ್ತೆ ಮತ್ತೆ ಕೇಳುತ್ತೇನೆ. ಈಚೆಗೆ ನಾನೂ ಶೇವ್ ಮಾಡಿಕೊಳ್ಳುತ್ತಾ ಗುನುಗುತ್ತೇನೆ ಅಂತ ಮನೆಯಲ್ಲಿ ದೂರು ಇದೆ.

ಬರೀ ಬಾಯಲ್ಲಿ ಹೇಳಿದರೆ ಸಾಲದು ಅಂತ ಹೋದ ತಿಂಗಳು ಒಂದು ಉಪಾಯ ಮಾಡಿದೆ. ಗೆಳೆಯನ ಮಗಳ ಸಹಪಾಠಿಯೊಬ್ಬಳು ಹೊಸದಾಗಿ ಬಂದಿದ್ದಳು. ಅದೇ ಪ್ರಶ್ನೆ ಕೇಳಿದಳು. ನಾನು ಪಾಲ್ ಹಾಕುವ ಮುಂಚೆ ಹಳೇ ಜಾಝ್ ಹಾಡುಗಾರ ಫ್ಯಾಟ್ಸ್ ವಾಲರ್ ಹಾಕಿದೆ. ಅದೇ ಕಾಗದದ ಹಾಡು, 1935ರ ರೆಕಾರ್ಡು. ದಪ್ಪ ಬೆರಳುಗಳ ಕುಣಿಯುವ ಪಿಯಾನೋ, ತುಂಟ ದನಿ, ತನ್ನ ದುಃಖವನ್ನೇ ಆಡಿಕೊಂಡು ನಗುವ ರೀತಿ. ಆಮೇಲೆ ಪಾಲ್ ಹಾಕಿದೆ. ಅದೇ ಮಾತು, ಆದರೆ ಇವನು ನಗಿಸಲ್ಲ. ಕಾಗದ ಬರುವುದಿಲ್ಲ ಅಂತ ಇವನಿಗೆ ಮೊದಲೇ ಗೊತ್ತಿರುವ ಹಾಗಿದೆ. ವ್ಯತ್ಯಾಸ ಅವಳಿಗೇ ಹೊಳೆಯಲಿ ಅಂತ ಸುಮ್ಮನೆ ಕೂತೆ.

ಅವಳು ಎರಡನ್ನೂ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಸ್ವಲ್ಪ ಸಂಕೋಚದಿಂದಲೇ ಹೇಳಿದಳು. “ಪಾಲ್ ಚೆನ್ನಾಗೇ ಹಾಡಿದ್ದಾರೆ ಅಂಕಲ್. ಆದ್ರೆ ಒರಿಜಿನಲ್ ಥರ ಇಲ್ಲ.”

ಅಷ್ಟರಲ್ಲಿ ಕಾಫಿ ಬಂತು.